ವಹಿಯಲ್ಲಿ ಉಳಿದ ಆಟ

ದೊಡ್ಡಾಟದಲ್ಲಿ ಯಾವ ವೇಷವೂ ಹೇಳದೆ ಕೇಳದೆ ಕಥೆಯೊಳಗೆ ಬರುವಂತಿಲ್ಲ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅಟ್ಟ ಏರಿ, ಗೆಜ್ಜೆಗಾಲಲ್ಲಿ ಕುಣಿದು ನಿಂತವನನ್ನು ಸಾರಥಿ ಮೊದಲು ವಿಚಾರಿಸಬೇಕು: ತಾವು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು? ಆಗ ಹಗಲೆಲ್ಲ ಹೊಲದಲ್ಲಿ ದುಡಿದ ಆಳು ಎದೆ ಸೆಟೆದು, ತಾನು ಇಂದ್ರಜಿತುವೆಂದೋ ಬಾಣಾಸುರನೆಂದೋ ಸಾರಿ ಹೇಳಿ, ತನ್ನ ಕುಲ, ಪರಾಕ್ರಮಗಳನ್ನು ಬಣ್ಣಿಸುತ್ತಾನೆ. ಅಲ್ಲಿಂದ ಬೆಳ್ಳಂಬೆಳಗಿನ ಮಂಗಳದವರೆಗೆ ಊರಿಗೆ ಅವನು ಅದೇ ಹೆಸರಿನವನು.

ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲೂ ಬಯಲಾಟ ನಡೆದುಬಂದದ್ದು ಹೀಗೆಯೇ. ಕರಾವಳಿಯ ಯಕ್ಷಗಾನದಂತೆ ಹಂಗಾಮಿಡೀ ತಿರುಗುವ ವೃತ್ತಿಮೇಳಗಳ ಬಲ ಇದಕ್ಕಿರಲಿಲ್ಲ. ಆಡುವವರೂ ಊರಿನವರೇ, ನೋಡುವವರೂ ಊರಿನವರೇ. ಹೆಣ್ಣು ಪಾತ್ರಗಳನ್ನೂ ಬಹುಕಾಲ ಗಂಡಸರೇ ಕಟ್ಟಿದರು. ಸುಗ್ಗಿ ಮುಗಿದ ಮೇಲೆ ಮಾಸ್ತರನನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿ, ಜಾತ್ರೆಗೋ ಹಬ್ಬಕ್ಕೋ ಆಟ ಕಟ್ಟುವುದು ರೂಢಿ. ಆಟದ ನಡುವೆ ಬೀಗರು, ಗೆಳೆಯರು ಅಟ್ಟಕ್ಕೆ ಬಂದು ಪಾತ್ರಧಾರಿಗೆ ಆಯೇರಿ ಮಾಡುತ್ತಾರೆ. ಕೊಟ್ಟವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತಾರೆ. ಯುದ್ಧ ಅಷ್ಟು ಹೊತ್ತು ಕಾಯುತ್ತದೆ.

ಇದೆಲ್ಲಕ್ಕೂ ಆಧಾರ ಮಾಸ್ತರನ ಕೈಯಲ್ಲಿರುವ ವಹಿ. ಕಂದ, ವಚನ, ಭಾಮಿನಿ, ದ್ವಿಪದಿ, ಪದ, ಪದದ ಬೆನ್ನಿಗೆ ಬರುವ ಮಾತು ಎಲ್ಲವೂ ಅದರಲ್ಲಿ ಕೈಬರಹದಲ್ಲಿರುತ್ತವೆ. ಅಕ್ಷರ ಬಲ್ಲವನು ತನ್ನ ಪಾತ್ರದ ಭಾಗವನ್ನು ಬರೆದುಕೊಳ್ಳುತ್ತಾನೆ. ಅಕ್ಷರ ಬಾರದವನು ಕೇಳಿಕೇಳಿಯೇ ಬಾಯಿಪಾಠ ಮಾಡುತ್ತಾನೆ. ಹಾಗಂತ ವಹಿಯಲ್ಲಿ ಇದ್ದಷ್ಟೇ ಆಟವಲ್ಲ. ಹಿಮ್ಮೇಳದವರು ಹಾಡಿದ ಪದವನ್ನು ಪಾತ್ರಧಾರಿ ಮಾತಿನಲ್ಲಿ ಬಿಡಿಸುವಾಗ, ಸಾರಥಿ ಅಡ್ಡಪ್ರಶ್ನೆ ಹಾಕಿದಾಗ, ಅಲ್ಲಿಯೇ ಹುಟ್ಟುವ ಮಾತುಗಳಿವೆ. ಹತ್ತಾರು ಸಲ ಇಂದ್ರಜಿತುವಾದವನು ಮುಂದೆ ತಾನೇ ಮಾಸ್ತರನಾಗಿ, ಕಿರಿಯರಿಗೆ ಹೆಜ್ಜೆ ಹೇಳಿಕೊಡುತ್ತಾನೆ. ವಹಿ ಅವನ ಕೈಗೆ ಬರುತ್ತದೆ. ಹಾಳೆ ಜೀರ್ಣವಾದರೆ ಮತ್ತೊಮ್ಮೆ ನಕಲಾಗುತ್ತದೆ.

ಈ ಸೀಮೆಯ ಚರಿತ್ರೆಯಲ್ಲಿ ಇಂಥ ವಹಿಗಳ ಬೆಲೆ ದೊಡ್ಡದು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಹೋರಾಟ ಮುರಿದುಬಿದ್ದ ಮೇಲೆ ಸುರಪುರ ಸಂಸ್ಥಾನ ಅಳಿದು, ನಾಡು ನಿಜಾಮನ ಪಾಲಾಯಿತು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರುವ ಹೊತ್ತಿಗೂ ಕಚೇರಿ, ಕೋರ್ಟುಗಳ ವ್ಯವಹಾರ ಉರ್ದುವಿನಲ್ಲಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಕನ್ನಡ ಶಾಲೆಗಳು ವಿರಳವಾಗಿದ್ದ ಆ ದಿನಗಳಲ್ಲಿ ಭಾಮಿನಿ, ಕಂದಗಳು ರೈತಾಪಿ ಜನರ ಬಾಯಲ್ಲಿ ಉಳಿಯಲು ಆಟವೂ ಕಾರಣ. ಇಲ್ಲಿಯ ಕನ್ನಡದ ಕಥೆ ಬರೆಯುವವರು ಶಾಲೆ, ಸಂಘ, ಮಠಗಳ ಜೊತೆಗೆ ಆಟದ ಅಟ್ಟವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಬಹುದೂರದ ಇನ್ನೊಂದು ಆಟದ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ‘ಮಡ್’ ಎಂಬ ಕಂಪ್ಯೂಟರ್ ಆಟವನ್ನು ಬರೆಯತೊಡಗಿದ. ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. ಅದರಲ್ಲಿ ಒಂದು ಚಿತ್ರವೂ ಇರಲಿಲ್ಲ. ಕಾಡು, ಗುಹೆ, ನಿಧಿ, ಕತ್ತಿವರಸೆ ಎಲ್ಲವೂ ಬರೀ ಅಕ್ಷರ. ಒಳಗೆ ಬಂದವನಿಗೆ ಮೊದಲು ಕೇಳುತ್ತಿದ್ದುದು ಹೆಸರು. ಹಲವರು ಒಂದೇ ಲೋಕದಲ್ಲಿ ಏಕಕಾಲಕ್ಕೆ ಆಡುತ್ತಿದ್ದರು. ವಿಶ್ವವಿದ್ಯಾಲಯದ ಹೊರಗಿನವರಿಗೆ ಕಂಪ್ಯೂಟರ್ ಬಿಡುವಾಗಿರುವ ರಾತ್ರಿ ಹೊತ್ತಿನಲ್ಲಿ ಮಾತ್ರ ಪ್ರವೇಶ. ಸಾಕಷ್ಟು ಅಂಕ ಗಳಿಸಿದವರು ಮಾಂತ್ರಿಕರ ಪದವಿಗೇರಿ ಆಟ ನಡೆಸುವ ಅಧಿಕಾರ ಪಡೆಯುತ್ತಿದ್ದರು. 1987ರಿಂದ ಅದು ‘ಬ್ರಿಟಿಷ್ ಲೆಜೆಂಡ್ಸ್’ ಎಂಬ ಹೆಸರಿನಲ್ಲಿ ಅಮೆರಿಕದ ಕಂಪ್ಯೂಸರ್ವ್ ಜಾಲದಲ್ಲಿ ನಡೆದು, 1999ರ ಕೊನೆಗೆ ನಿಂತಿತು. ಆದರೆ ಅದರ ಮೂಲ ಬರಹ ಉಳಿದಿತ್ತು. ವಿಕ್ಟರ್ ಟಾಥ್ ಎಂಬಾತ ಅದನ್ನು ಇಟ್ಟುಕೊಂಡೇ 2000ದಲ್ಲಿ ಹೊಸ ಕಂಪ್ಯೂಟರ್‌ಗಳಿಗೆ ಹೊಂದುವಂತೆ ಬರೆದ. ನಿಂತ ಆಟ ಮತ್ತೆ ಶುರುವಾಯಿತು. ಬರಹ ಉಳಿದರೆ ಆಟ ಮರಳಬಲ್ಲದು; ವಹಿಗಳಿಗೂ ಈ ಮಾತು ಸಲ್ಲುತ್ತದೆ.

ನಮ್ಮ ಆಟ ಹಿಂದೆ ಸರಿಯಲು ಟಿವಿ, ಸಿನಿಮಾ ಕಾರಣವೆಂದು ಹೇಳಿ ಸುಮ್ಮನಾಗುವುದು ಸುಲಭ. ನೆಲದ ಬದಲಾವಣೆಯೂ ದೊಡ್ಡದು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿಯಿತು. ಜೋಳ, ತೊಗರಿ ಬೆಳೆಯುತ್ತಿದ್ದಲ್ಲಿ ಭತ್ತ ಬಂತು. ನೀರಿದ್ದಲ್ಲಿ ಎರಡನೇ ಬೆಳೆಯೂ ಬಂತು. ಸುಗ್ಗಿಯ ನಂತರದ ಉದ್ದನೆಯ ಬಿಡುವೇ ತಾಲೀಮಿನ ಕಾಲವಾಗಿತ್ತು. ಅದು ಕರಗಿತು. ನೀರು ಕಾಣದ ಒಣಭೂಮಿಯ ಊರುಗಳಿಂದ ಜನ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೊರಟರು. ಇಂದ್ರಜಿತು ಊರಲ್ಲಿ ಇದ್ದರೆ ಲಕ್ಷ್ಮಣ ಕಟ್ಟಡದ ಕೆಲಸದಲ್ಲಿ. ಒಂದು ಪಾತ್ರ ಇಲ್ಲದಿದ್ದರೂ ತಾಲೀಮು ಸಾಗುವುದಿಲ್ಲ. ಹಬ್ಬಕ್ಕೆ ಮರಳಿದವರು ಹಟ ಹಿಡಿದು ಆಟ ಕಟ್ಟಿದ್ದರೆ, ಅದು ಸಣ್ಣ ಸಾಧನೆಯಲ್ಲ.

ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ಒಂದು ವಿಭಾಗವಿದೆ. ಪ್ರಶಸ್ತಿ, ಉತ್ಸವಗಳು ಕಲಾವಿದರಿಗೆ ಬೇಕು. ಆದರೆ ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ವಹಿಗಳನ್ನು ಹುಡುಕಿ, ಪ್ರತಿ ತೆಗೆದು, ಹಿರಿಯ ಮಾಸ್ತರರಿಂದ ಪದಗಳ ಮಟ್ಟನ್ನು ಹಾಡಿಸಿ ದಾಖಲಿಸುವುದು ಅದಕ್ಕಿಂತ ತುರ್ತಿನ ಕೆಲಸ. ಮಟ್ಟು ವಹಿಯಲ್ಲಿ ಬರೆದಿರುವುದಿಲ್ಲ. ಅದು ಮಾಸ್ತರನ ಕೊರಳಲ್ಲಿದೆ. ಮನೆಯ ನಾಗಂದಿಗೆಯ ಮೇಲೆ ಅಜ್ಜನ ಆಟದ ವಹಿ ಇದ್ದವರು ಅದನ್ನು ರದ್ದಿಗೆ ಹಾಕಬೇಡಿ. ಇವತ್ತೇ ಕೆಳಗಿಳಿಸಿ, ಒಂದೊಂದು ಪುಟದ ಫೋಟೊ ತೆಗೆದಿಡಿ, ಊರಲ್ಲಿ ಆ ಪದ ಹಾಡಬಲ್ಲ ಹಿರಿಯರಿದ್ದರೆ ಅವರ ಮುಂದೆ ಕುಳಿತು ಹಾಡಿಸಿಕೊಳ್ಳಿ.