ಲಾಡಖಾನನ ಗುಡಿ

ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ದಂಡೆ ಹಿಡಿದು ಮೇಲಕ್ಕೆ ಹೋದರೆ ಐಹೊಳೆ ಸಿಗುತ್ತದೆ. ಅಲ್ಲಿಯ ಗುಡಿಗಳ ಹೆಸರು ಕೇಳಿದಾಗ ನಮಗೆ ಸೋಜಿಗವಾಗುತ್ತದೆ. ಒಂದು ಗೌಡರ ಗುಡಿ, ಒಂದು ಅಂಬಿಗೇರ ಗುಡಿ, ಮತ್ತೊಂದು ಲಾಡಖಾನ ಗುಡಿ. ಇವು ದೇವರ ಹೆಸರುಗಳಲ್ಲ.

ಲಾಡಖಾನ ಆ ಗುಡಿಯಲ್ಲಿ ವಾಸವಾಗಿದ್ದ ಒಬ್ಬ ಮುಸಲ್ಮಾನ. ಒಳಗೆ ನಂದಿ ಕುಳಿತಿರುವ ಚಾಲುಕ್ಯರ ಕಟ್ಟಡಕ್ಕೆ ಅವನ ಹೆಸರು ಅಂಟಿಕೊಂಡಿತು, ಪುರಾತತ್ವ ಇಲಾಖೆಯ ಪುಸ್ತಕಗಳನ್ನೂ ಸೇರಿತು. ಅಂಬಿಗೇರ ಗುಡಿಯ ಹೆಸರು ಅದರ ಮಗ್ಗುಲಲ್ಲಿ ಬದುಕಿದ ಅಂಬಿಗರ ಮನೆಗಳಿಂದ ಬಂದದ್ದು. ಗುಡಿಯ ಕಲ್ಲು ಗೋಡೆಗೆ ಹೋದದ್ದು, ಒಲೆಯ ಹೊಗೆ ಕೆತ್ತನೆಗೆ ಹತ್ತಿದ್ದು ಇರಬಹುದು. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಬದುಕಿದವರನ್ನು ಬರೀ ಒತ್ತುವರಿದಾರರೆಂದು ಕರೆದರೆ ಆ ಹೆಸರುಗಳಿಗೇ ಅರ್ಥವಿರುವುದಿಲ್ಲ.

ಮೇಗುಟಿಯ ಕ್ರಿ.ಶ. 634ರ ಶಾಸನದಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡ. ಕವಿಗೆ ಆ ಧೈರ್ಯ ಇರುತ್ತದೆ! ಉತ್ಖನನದಲ್ಲಿ ಗುದ್ದಲಿ ಹಿಡಿದ ಕೂಲಿಯವರ ಹೆಸರು ಮಾತ್ರ ವರದಿಗಳಲ್ಲಿ ಸಿಗುವುದು ಅಪರೂಪ. ಅದೇ ಗುಡ್ಡದ ಕಡೆ ಬೃಹತ್ ಶಿಲಾಯುಗದ ಗೋರಿಗಳಿವೆ. ಜನ ಅವನ್ನು ಮೊರೇರ ಅಂಗಡಿ ಎನ್ನುತ್ತಾರೆ. ಅವು ಯಾರ ಪೂರ್ವಜರದು? ರಕ್ತ ಹಿಡಿದು ಹುಡುಕಿದರೆ ಯಾರಿಗೂ ಉತ್ತರ ಸಿಗದು. ಹೆಸರಿಟ್ಟು, ಕಥೆ ಕಟ್ಟಿ ಕಾಪಾಡಿದವರ ಹಕ್ಕನ್ನು ನಾವು ಸಣ್ಣದೆನ್ನಲಾರೆವು.

ಆಸ್ಟ್ರೇಲಿಯಾದ ಮುಂಗೋ ಕೆರೆಯ ಬಳಿ 1974ರಲ್ಲಿ ಸಿಕ್ಕ ಪ್ರಾಚೀನ ಮನುಷ್ಯನ ಎಲುಬುಗಳನ್ನು ಸಂಶೋಧಕರು ಕ್ಯಾನ್‌ಬೆರಾಕ್ಕೆ ಒಯ್ದರು. ಮೂಲನಿವಾಸಿಗಳು ಬಿಡದೆ ಕೇಳಿದರು. 2017ರಲ್ಲಿ ಅವು ತಮ್ಮ ನೆಲಕ್ಕೆ ಮರಳಿದವು. ಅಮೆರಿಕದಲ್ಲಿ 1990ರಿಂದ ಇದಕ್ಕೆ ಕಾಯ್ದೆಯೇ ಇದೆ. ನಮ್ಮಲ್ಲಿ 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡವಿಲ್ಲ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ನೂರಕ್ಕೂ ಹೆಚ್ಚು ಗುಡಿಗಳ ನಡುವೆ ಮನೆಗಳಿರುವ ಐಹೊಳೆಯಲ್ಲಿ ಮಗನ ಮದುವೆಗೆಂದು ಒಂದು ಕೋಣೆ ಏರಿಸುವುದೂ ಅಪರಾಧವಾಗಬಹುದು. ಊರನ್ನೇ ಸ್ಥಳಾಂತರಿಸುವ ಮಾತು ಮೇಲಿಂದ ಮೇಲೆ ಏಳುತ್ತದೆ.

ನಾರಾಯಣಪುರ ಜಲಾಶಯದ ಹಿನ್ನೀರು ಬಂದಾಗ ಕೂಡಲಸಂಗಮದ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಅದನ್ನು ಉಳಿಸಿದರು. ಒಳ್ಳೆಯ ಕೆಲಸ. ಮನಸ್ಸು ಮಾಡಿದರೆ ನೀರನ್ನೂ ತಡೆದು ನಿಲ್ಲಿಸಬಹುದು. ಐಹೊಳೆಯಲ್ಲಿ ಅಳತೆ ಪಟ್ಟಿ ಬಿಚ್ಚುವ ಮೊದಲು ಗುಡಿಯ ಮಗ್ಗುಲಿನ ಮನೆಯವರನ್ನು ಕೂರಿಸಿಕೊಂಡು, ಯಾವ ಗುಡಿಗೆ ಆ ಹೆಸರು ಹೇಗೆ ಬಂತು ಎಂದು ಕೇಳಿ ಬರೆದುಕೊಳ್ಳುವುದಕ್ಕೆ ಏನು ಅಡ್ಡಿ?