ಹರ್ಫ್ ಎಂದರೆ ಅಕ್ಷರ

ಚಿತ್ರ ತಿದ್ದುವ ತಂತ್ರಾಂಶಕ್ಕೆ ದುಡ್ಡು ಕೊಡಬೇಕೋ, ಪುಕ್ಕಟೆ ಸಿಗುವುದೇ ಸಾಕೋ? ಡಿಟಿಪಿ ಕಲಿಯುವ ಹುಡುಗರು ಮೊದಲು ಕೇಳುವ ಪ್ರಶ್ನೆ ಇದು. ಕೇಳಿದೊಡನೆ ಜೇಬಿನ ಪ್ರಶ್ನೆ ಅನ್ನಿಸುತ್ತದೆ. ಆದರೆ ಈ ತಂತ್ರಾಂಶಗಳ ಚರಿತ್ರೆಯನ್ನು ಸೇಡಂ, ಚಿತ್ತಾಪುರಗಳ ಕಡೆಯಿಂದ ನೋಡಿದರೆ ನನಗೆ ಅದು ಅಕ್ಷರದ ಪ್ರಶ್ನೆಯಾಗಿ ಕಾಣುತ್ತದೆ.

ನಮ್ಮ ಸೀಮೆಯ ಅಕ್ಷರ ಒಂದಲ್ಲ. 1948ರ ತನಕ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಕಚೇರಿಯ ಭಾಷೆ ಉರ್ದು. 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. ಸೇಡಂ, ಚಿಂಚೋಳಿಗಳ ಗಡಿ ದಾಟಿದರೆ ತೆಲುಗು. ವಾಡಿಗೆ ರೈಲು ಜಂಕ್ಷನ್ ಮತ್ತು ಸಿಮೆಂಟು, ಶಹಾಬಾದಿಗೆ ಕಲ್ಲು ಗಣಿ ಎಲ್ಲೆಲ್ಲಿಂದಲೋ ಜನರನ್ನು ಕರೆತಂದವು. ಆದ್ದರಿಂದ ಇಲ್ಲಿನ ಒಂದು ಬ್ಯಾನರಿನ ಮೇಲೆ ಕನ್ನಡ, ಉರ್ದು, ತೆಲುಗು, ಹಿಂದಿ ಒಟ್ಟಿಗೆ ಬರುವುದು ವಿಶೇಷವೇನಲ್ಲ.

ಆ ಬ್ಯಾನರು ಮಾಡುವವನ ಕೈಗೆ ಬಂದ ಉಪಕರಣಗಳಿಗೆ ಈ ಯಾವ ಲಿಪಿಯೂ ಗೊತ್ತಿರಲಿಲ್ಲ. ಪೇಜ್‌ಮೇಕರ್ ಹುಟ್ಟಿದ್ದು 1985ರಲ್ಲಿ, ಕೋರೆಲ್‌ಡ್ರಾ 1989ರಲ್ಲಿ, ಫೋಟೋಶಾಪ್ 1990ರಲ್ಲಿ. ಮೂರೂ ಇಂಗ್ಲಿಷ್ ಅಕ್ಷರಗಳನ್ನು ನೆನೆದು ಕಟ್ಟಿದವು. ನಮ್ಮವರು ಅದಕ್ಕೊಂದು ಉಪಾಯ ಹೂಡಿದರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚೂರುಗಳನ್ನು ಕೂಡಿಸಿದರು. ಪುಣೆಯ ಶ್ರೀಲಿಪಿ, 1998ರ ಬರಹ, ಆಮೇಲೆ ಬಂದ ನುಡಿಯ ಹಳೆಯ ಫಾಂಟುಗಳೆಲ್ಲ ಈ ಬಗೆಯವು. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು. ಕಡತದೊಳಗೆ ಇದ್ದದ್ದು ಇಂಗ್ಲಿಷ್ ಸಂಕೇತಗಳು. ಉರ್ದುವಿನ ನಸ್ತಾಲೀಕ್ ಬರವಣಿಗೆಗೆ 1994ರಲ್ಲಿ ಇನ್‌ಪೇಜ್ ಬಂತು, ಅದು ಇನ್ನೊಂದೇ ಲೋಕ. ಹೀಗೆ ಒಂದು ಬ್ಯಾನರಿನ ಲಿಪಿಗಳು ಕಂಪ್ಯೂಟರಿನಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಕೂತವು.

ಇವುಗಳಲ್ಲಿ ಹೆಚ್ಚಿನವಕ್ಕೆ ಬೆಲೆ ಇತ್ತು, ಕೊಟ್ಟವರು ಕಡಿಮೆ. ನಮ್ಮ ಕಡೆ ದುಬಾರಿ ತಂತ್ರಾಂಶ ಬಂದದ್ದು ಹೆಚ್ಚಾಗಿ ಕೈಯಿಂದ ಕೈಗೆ ದಾಟಿದ ಸಿಡಿಯಲ್ಲಿ, ಕ್ರ್ಯಾಕ್ ಸಮೇತ. ಫೋಟೋಶಾಪೇ ಪುಗಸಟ್ಟೆ ಸಿಗುವಾಗ ಬೇರೆ ಪುಗಸಟ್ಟೆಯದನ್ನು ಯಾರು ಹುಡುಕಿಯಾರು? ಆಯ್ಕೆ ಎಂಬುದೇ ಇರಲಿಲ್ಲ. 2013ರಲ್ಲಿ ಅಡೋಬಿ ಕಂಪನಿ ತನ್ನ ಹೊಸ ಆವೃತ್ತಿಗಳನ್ನು ಒಮ್ಮೆಗೇ ಮಾರುವುದನ್ನು ಬಿಟ್ಟು ಬಾಡಿಗೆಗೆ ಕೊಡತೊಡಗಿತು. ಕೊಂಡದ್ದು ಎಂಬ ಮಾತು ಹೋಗಿ, ಕಟ್ಟುವವರೆಗೆ ಮಾತ್ರ ನಮ್ಮದು ಎಂದಾಯಿತು. ಆಯ್ಕೆಯ ಪ್ರಶ್ನೆ ನಿಜವಾಗಿ ಎದ್ದದ್ದು ಆಗ.

ಇಂಗ್ಲಿಷಿನ 'ಫ್ರೀ' ಎಂಬ ಒಂದೇ ಮಾತು ಮಾಡುವ ಗೊಂದಲ ಕನ್ನಡದಲ್ಲಿಲ್ಲ. ನಮಗೆ ಪುಕ್ಕಟೆ ಬೇರೆ, ಮುಕ್ತ ಬೇರೆ. ಬರಹ ಮೊದಮೊದಲು ಪುಕ್ಕಟೆ ಸಿಗುತ್ತಿತ್ತು. ಮುಂದಿನ ಆವೃತ್ತಿಗಳಿಗೆ ಬೆಲೆ ಬಂತು. ಮುಕ್ತವಾದದ್ದಕ್ಕೆ ಹಾಗಾಗುವುದಿಲ್ಲ. ಅದರ ಮೂಲಸಂಕೇತ ಎಲ್ಲರ ಕೈಯಲ್ಲಿರುತ್ತದೆ. ಒಬ್ಬರು ಬಿಟ್ಟರೆ ಇನ್ನೊಬ್ಬರು ಮುಂದುವರಿಸಬಹುದು.

ಗಿಂಪ್ ಅಂಥದ್ದು. 1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಇದನ್ನು ಶುರುಮಾಡಿದರು. ಗುಂಡಿ, ಪಟ್ಟಿಗಳನ್ನು ಬರೆಯಲು ಆಗ ಮೋಟಿಫ್ ಎಂಬ ಬೆಲೆಯ ಸಲಕರಣೆ ಬಳಕೆಯಲ್ಲಿತ್ತು. ಅದು ಒಗ್ಗದೆ ಮ್ಯಾಟಿಸ್ ತಾವೇ ಜಿಟಿಕೆ ಎಂಬುದನ್ನು ಬರೆದರು. ಆ ಜಿಟಿಕೆಯ ಸುತ್ತ ಬೆಳೆದ ಬಳಗ ಲೋಕದ ಎಲ್ಲ ಲಿಪಿಗಳನ್ನೂ ಜೋಡಿಸುವ ಪ್ಯಾಂಗೋ ಎಂಬ ಭಾಗವನ್ನು ಕಟ್ಟಿತು. ಇಂದು ಪ್ಯಾಂಗೋದ ಒಳಗೆ ಅಕ್ಷರ ಕೂಡಿಸುವ ಯಂತ್ರದ ಹೆಸರು ಹರ್ಫ್‌ಬಜ್. ಇದು ಪಾರಸಿ ಮಾತು. ಶಹಾಬಾದಿನ ಯಾವ ಹಿರಿಯರನ್ನು ಕೇಳಿದರೂ ಹೇಳುತ್ತಾರೆ, ಹರ್ಫ್ ಎಂದರೆ ಅಕ್ಷರ. ಬಾಜ್ ಎಂದರೆ ತೆರೆದದ್ದು.

ಅದರ ಕೆಲಸವನ್ನು ನೋಡಲು 'ಚಿತ್ತಾಪುರ' ಎಂಬ ಒಂದು ಪದ ಸಾಕು. ಯೂನಿಕೋಡಿನಲ್ಲಿ ಬರೆದ ಆ ಹೆಸರನ್ನು ಹಳೆಯ ಫೋಟೋಶಾಪಿಗೆ ತಂದರೆ 'ಚಿತ್‌ತಾಪುರ' ಎಂದು ಒತ್ತು ಬಿಚ್ಚಿಕೊಳ್ಳುತ್ತಿತ್ತು. ಗಿಂಪ್‌ನಲ್ಲಿ, ರೇಖಾಚಿತ್ರಕ್ಕೆಂದೇ 2003ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್‌ನಲ್ಲಿ, ಒತ್ತು ತನ್ನ ಜಾಗಕ್ಕೆ ಬಂದು ಕೂರುತ್ತದೆ. ಅದೇ ಹಾಳೆಯ ಮೇಲೆ ತೆಲುಗೂ ನಿಲ್ಲುತ್ತದೆ, ಉರ್ದು ಬಲದಿಂದ ಎಡಕ್ಕೆ ಹರಿಯುತ್ತದೆ. ಗುಬ್ಬಿ, ನವಿಲು, ಬಲೂ ತಮ್ಮ, ನೋಟೊ ಮುಂತಾದ ಮುಕ್ತ ಕನ್ನಡ ಫಾಂಟುಗಳೂ ಈಗ ಇವೆ. ಇಂದಿನ ಫೋಟೋಶಾಪ್‌ನಲ್ಲೂ ಇದೇ ಹರ್ಫ್‌ಬಜ್ ಕೆಲಸ ಮಾಡುತ್ತದೆ. ದುಡ್ಡು ಕಟ್ಟಿಸಿಕೊಳ್ಳುವವರೂ ಅಕ್ಷರವನ್ನು ಮುಕ್ತರಿಂದ ಪಡೆದರು.

ಹಾಗೆಂದು ಮುಕ್ತದ್ದೆಲ್ಲ ಮೇಲು ಎನ್ನಲಾರೆ. ಅಚ್ಚಿನವರಿಗೆ ಬೇಕಾದ ನಾಲ್ಕು ಬಣ್ಣದ ಸಿಎಂವೈಕೆ ಲೆಕ್ಕದಲ್ಲಿ ಗಿಂಪ್ ಬಹುಕಾಲ ಹಿಂದೆ ಇತ್ತು. 2025ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿಯಲ್ಲಿ ಅದು ಸುಧಾರಿಸಿದೆ, ಪೂರ್ತಿ ನೀಗಿಲ್ಲ. ಫ್ಲೆಕ್ಸ್ ಅಂಗಡಿಯವರು ಇಂದಿಗೂ "ಸಿಡಿಆರ್ ಫೈಲ್ ಕೊಡ್ರಿ" ಎನ್ನುತ್ತಾರೆ. ಇಂಕ್‌ಸ್ಕೇಪ್ ಅದನ್ನು ಅಷ್ಟಿಷ್ಟು ತೆರೆಯುತ್ತದೆ, ಎಲ್ಲವನ್ನೂ ಅಲ್ಲ. ಹೈದರಾಬಾದಿಗೋ ಬೆಂಗಳೂರಿಗೋ ಕೆಲಸ ಹುಡುಕಿ ಹೋಗುವವನಿಗೆ ಅಲ್ಲಿನವರು ಬಳಸುವ ಉಪಕರಣ ಗೊತ್ತಿರಲೇಬೇಕು. ಅಂಥವನು ದುಡ್ಡು ಕಟ್ಟಿ ಕಲಿಯಲಿ, ತಪ್ಪೇನಿಲ್ಲ. ಊರಲ್ಲೇ ಇದ್ದು ನಾಲ್ಕು ಲಿಪಿಯಲ್ಲಿ ಕೆಲಸ ಮಾಡುವವನು ಮುಕ್ತದಿಂದ ಶುರುಮಾಡಲಿ ಎನ್ನುವುದು ನನ್ನ ಮಾತು. ಕ್ರ್ಯಾಕ್ ಸಿಡಿ ಮಾತ್ರ ಇಬ್ಬರಿಗೂ ಬೇಡ.

ಇಷ್ಟು ಹೇಳಲು ಕಾರಣ ನನ್ನ ಹತ್ತಿರ ಇರುವ ಒಂದು ಹಳೆಯ ಕಡತ. ಈ ಭಾಗದ ಒಂದು ಶಾಲೆಯ ಸ್ಮರಣ ಸಂಚಿಕೆ ಅದು. ಅಚ್ಚಿಗೆ ಕಳಿಸುವಾಗ ಫಾಂಟ್ ಕೆಡದಿರಲಿ ಎಂದು ಅಕ್ಷರಗಳನ್ನೆಲ್ಲ ಕರ್ವ್‌ಗೆ, ಎಂದರೆ ಬರೀ ಗೆರೆಗಳಿಗೆ, ಪರಿವರ್ತಿಸಿದ್ದಾರೆ. ಆಗಿನ ರೂಢಿ ಅದು. ಈಗ ಅದರಲ್ಲಿ ಒಬ್ಬ ಮೇಷ್ಟ್ರ ಹೆಸರು ಹುಡುಕಿದರೆ ಸಿಗುವುದಿಲ್ಲ. ಏಕೆಂದರೆ ಅಲ್ಲಿ ಅಕ್ಷರವೇ ಇಲ್ಲ, ಅಕ್ಷರದ ಚಿತ್ರ ಇದೆ. ಜಾತ್ರೆಯ ಕರಪತ್ರ, ಉರುಸಿನ ಆಹ್ವಾನ, ಸಣ್ಣ ಪತ್ರಿಕೆಗಳು, ಹೀಗೆ ನಮ್ಮ ಎರಡು ದಶಕಗಳ ಬರವಣಿಗೆಯ ಎಷ್ಟೋ ಭಾಗ ಈ ಸ್ಥಿತಿಯಲ್ಲಿದೆ. ಇಂಕ್‌ಸ್ಕೇಪ್ ಉಳಿಸುವ ಎಸ್‌ವಿಜಿ ಕಡತವನ್ನು ಯಾವ ಸಾದಾ ನೋಟ್‌ಪ್ಯಾಡಿನಲ್ಲಿ ತೆರೆದರೂ, ಪಠ್ಯವನ್ನು ಗೆರೆಯಾಗಿಸದಿದ್ದರೆ, ಹೆಸರು ಹೆಸರಾಗಿಯೇ ಓದಸಿಗುತ್ತದೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಪಕ್ಕದ ಕನಗನಹಳ್ಳಿಯ ಶಿಲ್ಪವೊಂದರ ಮೇಲೆ 'ರಾಯೊ ಅಸೋಕೊ' ಎಂದು ಬ್ರಾಹ್ಮಿಯಲ್ಲಿದೆ. ಆ ಲಿಪಿಯನ್ನು 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ್ದರಿಂದ ಇವನ್ನು ಓದಲಾಯಿತು. ಕಲ್ಲು ಪೀಠವಾದರೂ ಅಕ್ಷರ ಅಕ್ಷರವಾಗಿಯೇ ಉಳಿದಿತ್ತು. ಎರಡು ಸಾವಿರ ವರ್ಷದ ಮಾತು ಬೇಡ, ನಾವು ಇಂದು ಮಾಡುವ ಬ್ಯಾನರಿನ ಕಡತ ಇಪ್ಪತ್ತು ವರ್ಷದ ಮೇಲೆ ನಮ್ಮ ಮಕ್ಕಳಿಗೆ ತೆರೆದುಕೊಂಡರೆ ಸಾಕು.