ಯಮನೂರಿನ ವಿಡಿಯೊ ಮತ್ತು ಊರಿನ ವೀರಗಲ್ಲು

1980ರ ಜುಲೈ 21ರಂದು ನವಲಗುಂದದಲ್ಲಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ ತೀರಿಕೊಂಡರು. ಅದೇ ದಿನ ನರಗುಂದದಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದರು. ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಮಲಪ್ರಭೆಯ ನೀರು ಎಷ್ಟೋ ಹೊಲಗಳಿಗೆ ಸರಿಯಾಗಿ ಮುಟ್ಟಿರಲಿಲ್ಲ. ನೀರಿನ ಕರ, ಅಭಿವೃದ್ಧಿ ಕರದ ನೋಟಿಸುಗಳು ಮಾತ್ರ ತಪ್ಪದೆ ಮುಟ್ಟಿದ್ದವು.

ನಾನಾಗ ಹೈಸ್ಕೂಲಿನಲ್ಲಿದ್ದೆ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದೇ ಮರುವರ್ಷ ನವೆಂಬರಿನಲ್ಲಿ. ನಮಗೆ ಇದ್ದದ್ದು ಧಾರವಾಡ ಆಕಾಶವಾಣಿ ಮತ್ತು ಹುಬ್ಬಳ್ಳಿಯಿಂದ ಬರುತ್ತಿದ್ದ ಪತ್ರಿಕೆ. ಆ ಸಾವುಗಳನ್ನು ನಮ್ಮಲ್ಲಿ ಬಹಳ ಮಂದಿ ನೋಡಲಿಲ್ಲ, ಓದಿದರು. ಕಟ್ಟೆಯ ಮೇಲೆ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಸತ್ತವನ ಹೆಸರು, ಅವನ ಊರು, ಯಾವ ಕರ, ಯಾವ ಕಚೇರಿಯ ಮುಂದೆ ಏನು ನಡೆಯಿತು ಎಂಬುದು ಜನರ ಬಾಯಲ್ಲಿ ಉಳಿದದ್ದು ಹಾಗೆ. ಆ ಕಾಲದ ಪತ್ರಿಕೋದ್ಯಮವನ್ನು ನಾನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಪೊಲೀಸರ ಹೇಳಿಕೆಯನ್ನೇ ಸುದ್ದಿ ಎಂದು ಅಚ್ಚು ಹಾಕುವ ಚಾಳಿ ಆಗಲೂ ಇತ್ತು. ಅದನ್ನು ಸುಳ್ಳು ಮಾಡಲು ಬಡವನ ಕೈಯಲ್ಲಿ ಏನೂ ಇರಲಿಲ್ಲ.

ಮುಂದೆ ನಾನೂ ತಾಲೂಕಿನ ಅರೆಕಾಲಿಕ ವರದಿಗಾರನಾದೆ. ಸುದ್ದಿ ಬರೆದು, ಕವರಿಗೆ ಹಾಕಿ, ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಅಪಘಾತವಾಗಲಿ, ಕೊಲೆಯಾಗಲಿ, ಆ ಕವರು ಡೆಸ್ಕಿಗೆ ಮುಟ್ಟಿ ಹಿರಿಯರೊಬ್ಬರ ಕಣ್ಣಿಗೆ ಬಿದ್ದ ಮೇಲೆಯೇ ಮುಂದಿನ ಮಾತು. ಹೆಣದ ಫೋಟೊ ಕಳಿಸಿದರೆ ಅದು ಅಲ್ಲೇ ಉಳಿಯುತ್ತಿತ್ತು.

ಹಿಂಸೆಯನ್ನು ವರದಿ ಮಾಡುವ ಕೆಲಸ ನಮ್ಮ ನಾಡಿಗೆ ಪತ್ರಿಕೆಯ ಜೊತೆ ಬಂದದ್ದಲ್ಲ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಹೋದರೆ ವೀರಗಲ್ಲುಗಳ ಮುಂದೆ ನಾನು ಬಹಳ ಹೊತ್ತು ನಿಲ್ಲುತ್ತೇನೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಕಲ್ಲುಕುಟಿಗ ಹಿಂಸೆಯನ್ನು ಮುಚ್ಚಿಟ್ಟಿಲ್ಲ: ಎತ್ತಿದ ಕತ್ತಿ, ನೆಟ್ಟ ಬಾಣ, ಕಾಲಕೆಳಗೆ ಬಿದ್ದವರು, ಎಲ್ಲವೂ ಅಲ್ಲಿವೆ. ಆದರೆ ಬರಹವಿರುವ ಕಲ್ಲಿನಲ್ಲಿ ಯಾವ ಅರಸನ ಕಾಲ, ಸತ್ತವನು ಯಾರು, ಯಾವ ಊರು ಎಂಬುದೂ ಇರುತ್ತದೆ. ಕಳ್ಳರು ಹೊಡೆದೊಯ್ದ ದನಗಳನ್ನು ಬಿಡಿಸಲು ಹೋಗಿ ಸತ್ತ ಎಂದೋ, ಊರ ಹೆಣ್ಣುಮಕ್ಕಳ ಮಾನ ಕಾಯಲು ಸತ್ತ ಎಂದೋ ಕಾರಣವನ್ನೂ ಕೊರೆದಿರುತ್ತಾರೆ. ಕಾರಣ ಬಿಟ್ಟು ಬರೀ ಕಾಳಗವನ್ನೇ ಕೆತ್ತಿದ್ದರೆ ಆ ಕಲ್ಲಿಗೆ ಯಾರೂ ಕೈ ಮುಗಿಯುತ್ತಿರಲಿಲ್ಲ.

2016ಕ್ಕೆ ಬರೋಣ. ಕುಡಿಯಲೆಂದು ಮಹದಾಯಿ ನದಿಯಿಂದ ಕರ್ನಾಟಕ ಕೇಳಿದ್ದ 7.56 ಟಿಎಂಸಿ ಅಡಿ ನೀರಿನ ಮಧ್ಯಂತರ ಅರ್ಜಿಯನ್ನು ಮಹದಾಯಿ ನ್ಯಾಯಮಂಡಳಿ ಜುಲೈ 27ರಂದು ತಳ್ಳಿಹಾಕಿತು. ವರ್ಷದಿಂದ ಧರಣಿ ಕೂತಿದ್ದ ಜನ ಸಿಡಿದೆದ್ದರು. ನವಲಗುಂದದಲ್ಲಿ ಸರ್ಕಾರಿ ಕಚೇರಿಗಳ ಮೇಲೆ, ನ್ಯಾಯಾಲಯದ ಮೇಲೆ ದಾಳಿಯಾಯಿತು. ಆಮೇಲೆ ಪೊಲೀಸರು ಅದೇ ತಾಲೂಕಿನ ಯಮನೂರಿಗೆ ನುಗ್ಗಿ ಹೆಂಗಸರು, ಮುದುಕರು ಎನ್ನದೆ ಬಡಿದರು. ಆ ದೃಶ್ಯ ಟಿವಿಯಲ್ಲಿ ಬಂತು, ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ವಿಚಾರಣೆ ನಡೆಯಿತು, ಕೆಲವು ಪೊಲೀಸರು ಅಮಾನತಾದರು. 1980ರಲ್ಲಿ ಬಡವನ ಬಳಿ ಇಲ್ಲದ ಸಾಕ್ಷಿ 2016ರಲ್ಲಿತ್ತು. ಆ ಕಾರಣಕ್ಕೇ ಹಿಂಸೆಯನ್ನು ತೋರಿಸಲೇಬಾರದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಧಿಕಾರ ಬಡಿದದ್ದನ್ನು ತೋರಿಸದೆ ಬಿಟ್ಟರೆ ಬಡಿದವನಿಗೇ ಅನುಕೂಲ.

ಆದರೆ ಸಾಕ್ಷಿಯ ಕೆಲಸ ಮುಗಿದ ಮೇಲೂ ಆ ತುಣುಕು ಓಡಾಡುತ್ತಲೇ ಇದೆ. ತಾರೀಖಿಲ್ಲ, ಕಾರಣವಿಲ್ಲ, ಹಿನ್ನೆಲೆಗೆ ಸಿನಿಮಾ ಸಂಗೀತ. ನಮ್ಮ ಓಣಿಯ ಹುಡುಗನೊಬ್ಬ ಯೂಟ್ಯೂಬಿನಲ್ಲಿ ಸುದ್ದಿ ಚಾನೆಲ್ ನಡೆಸುತ್ತಾನೆ. ಜುಲೈ 21ರ ರೈತ ಹುತಾತ್ಮ ದಿನಕ್ಕೆಂದು ಅವನು ಮಾಡಿದ್ದ ವಿಡಿಯೊ ನೋಡಿದೆ. ಮೊದಲ ಚಿತ್ರದಲ್ಲೇ ಏಟು ತಿನ್ನುತ್ತಿರುವ ಮುದುಕಿಯ ಮುಖ, ಸುತ್ತ ಕೆಂಪು ಗೆರೆ, ಮೇಲೆ ‘ಬೆಚ್ಚಿಬೀಳಿಸುವ ದೃಶ್ಯ’ ಎಂಬ ಬರಹ. ಆ ಮುಖ ಮುಚ್ಚಪ್ಪಾ ಎಂದೆ.

“ಮಾರಿ ಕಾಣಲಿಲ್ಲಂದ್ರ ಯಾರೂ ಒತ್ತಂಗಿಲ್ರೀ ಕಾಕಾ.”

“ಆಕಿ ಮೊಮ್ಮಗಾ ಸಾಲಿಗೆ ಹೊಕ್ಕಾನಪಾ. ಅವನ ಕೈಯಾಗೂ ಮೊಬೈಲ್ ಐತಿ.”

ಅವನು ತುಸು ಹೊತ್ತು ಸುಮ್ಮನಿದ್ದು ಆ ಚಿತ್ರ ತೆಗೆದ.

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾದಾಗಲೂ ಸಿಸಿಟಿವಿ ದೃಶ್ಯ ಊರೂರು ಸುತ್ತಿತು. ಅದು ಬೇಕಿದ್ದದ್ದು ನ್ಯಾಯಾಲಯಕ್ಕೆ. ನಮಗೆ ಕೊಲೆಯಾದದ್ದು ತಿಳಿದರೆ ಸಾಕಿತ್ತು. ಇರಿತ ಎಣಿಸುವ ಕೆಲಸ ನಮ್ಮದಾಗಿರಲಿಲ್ಲ. ಡಿಜಿಟಲ್ ಮಾಧ್ಯಮದ ನೀತಿ ಸಂಹಿತೆಯನ್ನು ಕೇಂದ್ರ ಸರ್ಕಾರ 2021ರಲ್ಲೇ ಹೊರಡಿಸಿದೆ. ನಮ್ಮ ತಾಲೂಕಿನಲ್ಲಿ ಮೊಬೈಲ್ ಹಿಡಿದು ಸುದ್ದಿ ಮಾಡುವ ಹುಡುಗರ ಕೈಗೆ ಅದನ್ನು ಕೊಟ್ಟು ತಿಳಿಸಿ ಹೇಳಿದವರನ್ನು ನಾನು ಕಂಡಿಲ್ಲ.

ಅದಕ್ಕೇ ಆ ಹುಡುಗರಲ್ಲಿ ನೇರವಾಗಿ ಕೇಳುತ್ತೇನೆ. ಬರುವ ಜುಲೈ 21ಕ್ಕೆ ಯಮನೂರಿನ ವಿಡಿಯೊ ಹಾಕುವುದಾದರೆ ಹಾಕಿರಿ. ಲಾಠಿ ಕಾಣಲಿ, ಸಮವಸ್ತ್ರ ಕಾಣಲಿ. ಏಟು ತಿಂದವರ ಮುಖ ಮುಚ್ಚಿರಿ, ಸಂಗೀತ ತೆಗೆಯಿರಿ. ಕೆಳಗೆ ವರ್ಷ ಬರೆಯಿರಿ, ಊರಿನ ಹೆಸರು ಬರೆಯಿರಿ, ಜನ ಕೇಳಿದ್ದು ಕುಡಿಯುವ ನೀರು ಎಂದು ಬರೆಯಿರಿ.